ನಾಯಿ ಇರುವ ಹತ್ತು ವಾಕ್ಯ

ಕುಂದಲಹಳ್ಳಿ, ಬೆಂಗಳೂರು
೮ ಜುಲೈ ೨೦೨೪

ಪೂಜ್ಯ ಕರಿಬಸಪ್ಪ ಮಾಸ್ತರರಿಗೆ ಸವಿತಾಳ ನಮಸ್ಕಾರಗಳು.

ನಿಮಗೆ ನನ್ನ ನೆನಪಿರಲಿಕ್ಕಿಲ್ಲ. ಇಪ್ಪತ್ತು ವರ್ಷದ ಹಿಂದೆ ನಮ್ಮೂರ ಹೈಸ್ಕೂಲಿನಲ್ಲಿ ಒಂಬತ್ತನೆಯ ತರಗತಿಯವರೆಗೆ ನಿಮ್ಮ ಹತ್ತಿರ ಇಂಗ್ಲಿಷ್ ಕಲಿತಿದ್ದೆ. ಹಡಗಲಿಯಲ್ಲಿ ನಿಮ್ಮ ಮನೆಗೆ ಹಾಲು ಹಾಕುವ ಸಿದ್ದಕ್ಕ ನನಗೆ ಚಿಕ್ಕಮ್ಮ ಆಗಬೇಕು. ನಿಮಗೆ ಈಗ ಕಿವಿ ಅಷ್ಟಾಗಿ ಕೇಳುವುದಿಲ್ಲ, ಫೋನು ಇಟ್ಟುಕೊಂಡಿಲ್ಲ, ಆದರೆ ಕಾಗದ ಬರೆದರೆ ಖಂಡಿತ ಉತ್ತರ ಬರೆಯುತ್ತೀರಿ ಎಂದು ಅವಳೇ ವಿಳಾಸ ಕೊಟ್ಟಳು.

ನಾನು ಇಲ್ಲಿ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯುರಿಟಿ ಗಾರ್ಡ್ ಆಗಿದ್ದೇನೆ. ಹಿಂದಿನ ಗೇಟು ನನ್ನದು. ಯಾರು ಬಂದರು, ಯಾರು ಹೋದರು, ಏನು ನಡೆಯಿತು ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಮೊದಲು ಕನ್ನಡದಲ್ಲಿ ಬರೆಯುತ್ತಿದ್ದೆವು. ಕಮಿಟಿಯವರಿಗೆ ಓದಲು ಬರುವುದಿಲ್ಲ ಎಂದು ಯುಗಾದಿಯಿಂದ ಇಂಗ್ಲಿಷಿನಲ್ಲೇ ಬರೆಯಬೇಕೆಂಬ ರೂಲು ಬಂದಿದೆ.

ನನ್ನದೊಂದು ಕೋರಿಕೆ. ನಾಯಿಯ ಬಗ್ಗೆ ಇಂಗ್ಲಿಷಿನಲ್ಲಿ ಸರಿಯಾಗಿ ಬರೆಯುವುದು ಹೇಗೆ? ನಾಯಿ ಇರುವ ಹತ್ತು ವಾಕ್ಯ ಬರೆದು ಕಳುಹಿಸಿದರೆ ಸಾಕು, ನಾನು ನೋಡಿ ಕಲಿಯುತ್ತೇನೆ. ನಾಯಿ ಏನಾದರೂ ಮಾಡಿದರೆ ಹೇಗೆ ಬರೆಯುವುದು, ನಾಯಿಗೆ ಯಾರಾದರೂ ಏನಾದರೂ ಮಾಡಿದರೆ ಹೇಗೆ ಬರೆಯುವುದು, ಎರಡೂ ಬೇಕು.

ನಿಮ್ಮ ವಿದ್ಯಾರ್ಥಿನಿ,
ಸವಿತಾ


ಹೂವಿನಹಡಗಲಿ
೧೫ ಜುಲೈ ೨೦೨೪

ಸವಿತಾಳಿಗೆ ಆಶೀರ್ವಾದಗಳು.

ಕಾಗದ ಬಂತು. ಕನ್ನಡದಲ್ಲೇ ನಾಲ್ಕು ತಪ್ಪುಗಳಿದ್ದವು, ತಿದ್ದಿ ಜೊತೆಗಿಟ್ಟಿದ್ದೇನೆ. ನಿನ್ನ ಇಂಗ್ಲಿಷಿನ ಗತಿ ಏನಿರಬಹುದೆಂದು ಅದರಿಂದಲೇ ಊಹಿಸಿಕೊಂಡೆ. ನೀನು ಹೇಳಿದ್ದು ನಿಜ, ನಿನ್ನ ನೆನಪಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ನೆನಪಿನಲ್ಲಿ ಉಳಿಯುವಂಥವರು ಐದಾರು ಜನ. ಅವರಲ್ಲಿ ಯಾರೂ ಗೇಟು ಕಾಯುತ್ತಿಲ್ಲ.

ಇರಲಿ. ‘ದಿಸ್ ಈಸ್ ಎ ಡಾಗ್’, ಇದು ಒಂದು ನಾಯಿ. ಒಂದು ಎನ್ನುವಾಗ ‘ಎ’, ಆ ಗೊತ್ತಿರುವ ನಾಯಿ ಎನ್ನುವಾಗ ‘ದ’. ನಿಮ್ಮಂಥವರು ಎರಡನ್ನೂ ನುಂಗಿಹಾಕಿ ಬರೀ ‘ಡಾಗ್’ ಎಂದು ಬರೆಯುತ್ತೀರಿ, ಬೀದಿಯಲ್ಲಿ ಕೂಗಿ ಕರೆದ ಹಾಗೆ. ಉಳಿದ ವಾಕ್ಯಗಳು ಹಿಂದಿನ ಪುಟದಲ್ಲಿವೆ. ಕಂಠಪಾಠ ಮಾಡು.

ಮುಖ್ಯವಾದ ವಿಷಯ ಒಂದೇ. ಕನ್ನಡದಲ್ಲಿ ‘ನಾಯಿಯನ್ನು ಅವನು ಹೊಡೆದ’ ಎನ್ನು, ‘ಅವನು ನಾಯಿಯನ್ನು ಹೊಡೆದ’ ಎನ್ನು, ಅರ್ಥ ಕೆಡುವುದಿಲ್ಲ. ‘ಅನ್ನು’ ಎಂಬ ಪ್ರತ್ಯಯ ಕಾಪಾಡುತ್ತದೆ. ಇಂಗ್ಲಿಷಿನಲ್ಲಿ ಹಾಗೆ ಕಾಪಾಡುವವರು ಯಾರೂ ಇಲ್ಲ. ಮಾಡಿದವನು ಮೊದಲು, ಮಾಡಿದ ಕೆಲಸ ನಡುವೆ, ಮಾಡಿಸಿಕೊಂಡವನು ಕೊನೆಗೆ. ಜಾಗ ತಪ್ಪಿದರೆ ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ.

ನಾಯಿಯ ವಿಷಯಕ್ಕೆ ನೆನಪಾಯಿತು. ನನ್ನ ತರಗತಿಯಲ್ಲಿ ಒಬ್ಬಳು ಪೆದ್ದಿ ಇದ್ದಳು, ಕುರಿ ಕಾಯುವವರ ಮಗಳಿರಬೇಕು. ‘ನನ್ನ ಅಪ್ಪನ ಹತ್ತಿರ ಒಂದು ನಾಯಿ ಇದೆ’ ಎನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದರೆ ‘ಮೈ ಫಾದರ್ ಈಸ್ ಎ ಡಾಗ್’ ಎಂದು ಬರೆದಿದ್ದಳು. ಅಂದರೆ ನನ್ನ ಅಪ್ಪ ಒಂದು ನಾಯಿ! ಅವಳನ್ನು ನಿಲ್ಲಿಸಿ ತರಗತಿಗೆಲ್ಲ ಓದಿ ಹೇಳಿದೆ. ಗಂಟೆ ಹೊಡೆಯುವವರೆಗೂ ನಗು ನಿಲ್ಲಲಿಲ್ಲ. ಈಗಲೂ ಟ್ಯೂಷನ್ನಿಗೆ ಹೊಸ ಮಕ್ಕಳು ಬಂದರೆ ಮೊದಲ ದಿನ ಅದನ್ನೇ ಹೇಳುತ್ತೇನೆ. ನೀನೂ ನಕ್ಕಿರಬೇಕು, ಅದೇ ತರಗತಿಯವಳಾಗಿದ್ದರೆ.

ಕರಿಬಸಪ್ಪ


ಕುಂದಲಹಳ್ಳಿ
೨೪ ಜುಲೈ ೨೦೨೪

ಗುರುಗಳಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಹತ್ತು ವಾಕ್ಯಗಳನ್ನೂ ಬಾಯಿಪಾಠ ಮಾಡಿದ್ದೇನೆ. ಮಾಡಿದವನು ಮೊದಲು ಎನ್ನುವುದು ಚೆನ್ನಾಗಿ ಅರ್ಥವಾಯಿತು. ಅಂದೇ ಹೀಗೆ ಹೇಳಿಕೊಟ್ಟಿದ್ದರೆ ಅಂದೇ ಅರ್ಥವಾಗುತ್ತಿತ್ತೋ ಏನೋ.

ಇಲ್ಲಿ ಇಂಗ್ಲಿಷ್ ಬಲ್ಲವರಿಗೆ ಕೊರತೆಯಿಲ್ಲ. ಇನ್ನೂರ ನಲವತ್ತು ಮನೆಗಳಿವೆ. ಹಿಂದಿನ ಗೇಟಿನ ಇಳಿಜಾರಿನಲ್ಲಿ ಒಂದು ಬೀದಿನಾಯಿ ಮಲಗುತ್ತದೆ. ಕಸ ಗುಡಿಸುವ ಚನ್ನಕ್ಕ ಅದಕ್ಕೆ ತನ್ನ ಬುತ್ತಿಯಲ್ಲಿ ಉಳಿದ ಅನ್ನ ಹಾಕುತ್ತಾಳೆ. ಚನ್ನಕ್ಕ ಕುಷ್ಟಗಿ ಕಡೆಯವಳು, ಗಂಡ ಸೆಂಟ್ರಿಂಗ್ ಕೆಲಸದಲ್ಲಿ ಬಿದ್ದು ತೀರಿಕೊಂಡ ಮೇಲೆ ಒಬ್ಬಳೇ ಇದ್ದಾಳೆ. ಆ ನಾಯಿಯ ಬಗ್ಗೆ ವಾಟ್ಸ್ಯಾಪ್ ಗುಂಪಿನಲ್ಲಿ ದಿನಕ್ಕೆ ನೂರು ಮೆಸೇಜು ಬರುತ್ತವಂತೆ, ಎಲ್ಲ ಒಳ್ಳೆಯ ಇಂಗ್ಲಿಷಿನಲ್ಲಿ. ಆದರೆ ನಾಯಿ ಹೆಣ್ಣೋ ಗಂಡೋ ಎಂದು ಅವರಲ್ಲಿ ಯಾರಿಗೂ ಗೊತ್ತಿಲ್ಲ. ಬಗ್ಗಿ ನೋಡಿದವರಿಲ್ಲ.

ಒಂದು ಸಂಶಯ. ‘ನಾಯಿಗೆ ಸರ್ ಒದ್ದರು’ ಎನ್ನುವುದಕ್ಕೆ ಒಬ್ಬರು ‘ಡಾಗ್ ಸರ್ ಕಿಕ್’ ಎಂದು ಬರೆದರು ಎಂದುಕೊಳ್ಳಿ. ಓದಿದವರಿಗೆ ಏನೆಂದು ಅರ್ಥವಾಗುತ್ತದೆ?

ಸವಿತಾ


ಹೂವಿನಹಡಗಲಿ
೧ ಆಗಸ್ಟ್ ೨೦೨೪

ಸವಿತಾ,

ಆ ‘ಒಬ್ಬರು’ ನೀನೇ ಎಂದು ತಿಳಿಯದಷ್ಟು ದಡ್ಡ ನಾನಲ್ಲ. ‘ಡಾಗ್ ಸರ್’ ಎಂದರೆ ನಾಯಿ ಸಾಹೇಬರು! ಒಬ್ಬ ಗಣ್ಯ ವ್ಯಕ್ತಿಯನ್ನು ನಾಯಿ ಎಂದು ಕರೆದ ಹಾಗಾಯಿತು. ‘ಕಿಕ್’ ಎಂಬುದು ಎಲ್ಲೋ ಬಾಲದಲ್ಲಿ ನೇತಾಡುತ್ತಿದೆ, ಯಾರು ಯಾರಿಗೆ ಒದ್ದರೆಂದು ದೇವರಿಗೂ ತಿಳಿಯದು. ಓದಿ ಬಹಳ ಹೊತ್ತು ನಕ್ಕೆ. ಪುಣ್ಯಕ್ಕೆ ಅಭ್ಯಾಸದ ಹಾಳೆಯಲ್ಲಿ ಬರೆದೆ. ಯಾರಾದರೂ ದೊಡ್ಡವರ ಕಣ್ಣಿಗೆ ಬಿದ್ದಿದ್ದರೆ ಅವತ್ತೇ ನಿನ್ನ ಕೆಲಸ ಹೋಗುತ್ತಿತ್ತು, ಹೋಗಬೇಕಾದದ್ದೇ.

ನಿನ್ನ ಉದ್ದೇಶ ನನಗೆ ಹೊಳೆಯಿತು. ಸೂಪರ್‌ವೈಸರ್ ಆಗುವ ಆಸೆ ಹುಟ್ಟಿದೆ. ಆಸೆ ತಪ್ಪಲ್ಲ, ಆದರೆ ಅಳತೆ ಇರಬೇಕು. ನಾನು ನೋಡಿದ ಮಟ್ಟಿಗೆ ಭಾಷೆ ಕೆಲವರ ನಾಲಿಗೆಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ. ಕಸ ಗುಡಿಸುವವಳ ಕಥೆ, ನಾಯಿ ಹೆಣ್ಣೋ ಗಂಡೋ ಎಂಬ ತನಿಖೆ, ಇವೆಲ್ಲ ನನಗೆ ಬೇಡ. ವಾಕ್ಯ ಕಳುಹಿಸು, ತಿದ್ದುತ್ತೇನೆ.

ಕರಿಬಸಪ್ಪ


ಕುಂದಲಹಳ್ಳಿ
೭ ಆಗಸ್ಟ್ ೨೦೨೪

ಗುರುಗಳಿಗೆ ನಮಸ್ಕಾರ.

ಕೆಳಗಿನದನ್ನು ನಾನು ನನ್ನ ಕೈಬರಹದಲ್ಲಿ ಬರೆದು ಸಹಿ ಹಾಕಿ ಕೊಡಬೇಕಾಗಿದೆ. ಹದಿನೆಂಟನೆಯ ತಾರೀಖು ಭಾನುವಾರದ ಒಳಗೆ ಕೊಡಬೇಕು. ಇದು ಸರಿಯೇ? ಇಷ್ಟೇ ತಿಳಿಸಿ. ಬೇಗ ತಿಳಿಸಿ.

‘ಐ ಆಮ್ ಸವಿತಾ, ಗಾರ್ಡ್ ಅಟ್ ದ ಬ್ಯಾಕ್ ಗೇಟ್. ದ ಡಾಗ್ ಬಿಟ್ ಮಿಸ್ಟರ್ ವಿಶ್ವನಾಥ್ ವಿತೌಟ್ ಎನಿ ಪ್ರೊವೊಕೇಶನ್. ದ ಡಾಗ್ ವಾಸ್ ಬೀಯಿಂಗ್ ಫೆಡ್ ಬೈ ದ ಸ್ವೀಪರ್ ಚನ್ನಕ್ಕ ಡಿಸ್ಪೈಟ್ ವಾರ್ನಿಂಗ್ಸ್. ಐ ರಿಗ್ರೆಟ್ ಮೈ ರಾಂಗ್ ಎಂಟ್ರಿ.’

ಸವಿತಾ


ಹೂವಿನಹಡಗಲಿ
೧೩ ಆಗಸ್ಟ್ ೨೦೨೪

ಸವಿತಾ,

ಸರಿ. ಸಂಪೂರ್ಣವಾಗಿ ಸರಿ. ಇದನ್ನು ನೀನು ಬರೆದಿಲ್ಲ, ಯಾರು ಬರೆದರು? ಅವರಿಗೆ ನನ್ನ ಮೆಚ್ಚುಗೆ ತಿಳಿಸು.

ಎರಡನೆಯ ವಾಕ್ಯ ನೋಡು. ಆ ನಾಯಿ ವಿಶ್ವನಾಥ್ ಎಂಬುವರನ್ನು ಕಚ್ಚಿತು, ಯಾರೂ ಕೆಣಕದೆ ತಾನಾಗಿ ಕಚ್ಚಿತು. ‘ದ’ ಎಲ್ಲಿರಬೇಕೋ ಅಲ್ಲಿದೆ. ಮಾಡಿದವನು ಮೊದಲು, ಮಾಡಿಸಿಕೊಂಡವನು ಆಮೇಲೆ. ಮೂರನೆಯ ವಾಕ್ಯ ಇನ್ನೂ ಸೊಗಸು: ಎಚ್ಚರಿಕೆ ಕೊಟ್ಟರೂ ಕೇಳದೆ ಸ್ವೀಪರ್ ಚನ್ನಕ್ಕ ಆ ನಾಯಿಗೆ ಉಣ್ಣಿಸುತ್ತಿದ್ದಳು. ಇಂಥ ಕರ್ಮಣಿ ಪ್ರಯೋಗ ನನ್ನ ಮೂವತ್ತನಾಲ್ಕು ವರ್ಷದಲ್ಲಿ ಹತ್ತು ಮಕ್ಕಳೂ ಬರೆಯಲಿಲ್ಲ. ಕೊನೆಯದು, ನಾನು ತಪ್ಪಾಗಿ ಬರೆದದ್ದಕ್ಕೆ ವಿಷಾದಿಸುತ್ತೇನೆ. ಅಂತೂ ಯಾವುದೋ ತಪ್ಪು ಮಾಡಿದ್ದೀ, ಆಶ್ಚರ್ಯವೇನಿಲ್ಲ.

ಕಣ್ಣು ಮುಚ್ಚಿ ಬರೆದು ಕೊಡು. ಒಂದಕ್ಷರವನ್ನೂ ನಿನ್ನ ಬುದ್ಧಿಯಿಂದ ಬದಲಾಯಿಸಬೇಡ.

ಕರಿಬಸಪ್ಪ


ಪೀಣ್ಯ, ಬೆಂಗಳೂರು
೨೬ ಆಗಸ್ಟ್ ೨೦೨೪

ಸರ್,

ವಿಳಾಸ ಬದಲಾಗಿದೆ, ನೋಡಿದ್ದೀರಿ. ಏನು ನಡೆಯಿತೆಂದು ಮೊದಲಿನಿಂದ ಹೇಳುತ್ತೇನೆ.

ಜೂನ್ ಇಪ್ಪತ್ತೊಂಬತ್ತರ ಬೆಳಿಗ್ಗೆ ಚನ್ನಕ್ಕ ಹಿಂದಿನ ಗೇಟಿನ ಇಳಿಜಾರು ತೊಳೆದಿದ್ದಳು. ನಾಯಿ ಒಂದು ಪಕ್ಕಕ್ಕೆ ಮಲಗಿತ್ತು. ಕಮಿಟಿಯ ಸೆಕ್ರೆಟರಿ ವಿಶ್ವನಾಥ್ ವಾಕಿಂಗಿಗೆ ಹೊರಟವರು, ದಾರಿ ಬಿಟ್ಟು ಅದರ ಹತ್ತಿರ ಹೋಗಿ ಹೊಟ್ಟೆಗೆ ಒದ್ದರು. ನಾನು ಐದು ಅಡಿ ದೂರದಲ್ಲಿ ನಿಂತಿದ್ದೆ. ನಾಯಿ ಕಿರುಚಿ ಓಡಿತು. ಒದ್ದ ಕಾಲು ನೆಲಕ್ಕೆ ಬರುವಾಗ ಜಾರಿ ಅವರು ಬಿದ್ದರು, ಮೊಣಕಾಲಿನ ಕೆಳಗೆ ಕಬ್ಬಿಣದ ಜಾಲರಿ ತರಚಿತು. ನಾನು ರಿಜಿಸ್ಟರಿನಲ್ಲಿ ‘ಡಾಗ್ ಸರ್ ಕಿಕ್. ಸರ್ ಫಾಲ್. ಡಾಗ್ ಗೋ’ ಎಂದು ಬರೆದೆ. ನೀವು ನಕ್ಕ ವಾಕ್ಯ ಅದು. ಅಭ್ಯಾಸದ ಹಾಳೆಯಲ್ಲಿ ಬರೆದದ್ದಲ್ಲ.

ಅವರು ಮನೆಗೆ ಹೋಗಿ ನಾಯಿ ಕಚ್ಚಿತೆಂದು ಹೇಳಿದರು. ಸಂಜೆ ಯಾರೋ ರಿಜಿಸ್ಟರಿನ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿದರು. ಮರುದಿನದಿಂದ ಮಕ್ಕಳೂ ಅವರನ್ನು ಹಿಂದಿನಿಂದ ಡಾಗ್ ಸರ್ ಎನ್ನತೊಡಗಿದರು. ಇನ್ನೂರ ನಲವತ್ತು ಮನೆಯವರು ನಕ್ಕರು, ಆದರೆ ಒದ್ದದ್ದು ನಿಜವೇ ಎಂದು ಒಬ್ಬರೂ ಕೇಳಲಿಲ್ಲ. ವಿಶ್ವನಾಥರಿಗೆ ಸಿಟ್ಟು ಬಂದದ್ದು ನಾಯಿಯ ಮೇಲಲ್ಲ, ನನ್ನ ಮೇಲೆ. ಜುಲೈ ಕೊನೆಗೆ ನಾಯಿಯನ್ನು ಕಾರ್ಪೊರೇಷನ್ ಗಾಡಿಗೆ ಹಿಡಿಸಿದರು. ಚನ್ನಕ್ಕನನ್ನು ತೆಗೆದುಹಾಕಲು ಒಂದು ಕಾಗದ ಬೇಕಿತ್ತು. ಅದು ನನ್ನ ಕೈಯಿಂದ ಬೇಕಿತ್ತು. ಆ ನಾಲ್ಕು ವಾಕ್ಯಗಳನ್ನು ಬರೆದವರು ವಿಶ್ವನಾಥ್. ನಿಮ್ಮ ಮೆಚ್ಚುಗೆ ತಿಳಿಸಲು ಹೇಳಿದ್ದಿರಿ, ತಿಳಿಸಲಿಲ್ಲ.

ನಾನು ‘ಇದು ಸರಿಯೇ’ ಎಂದು ಕೇಳಿದ್ದೆ. ನೀವು ಸರಿ ಎಂದಿರಿ. ಚನ್ನಕ್ಕನ ಬಗ್ಗೆ ಹಿಂದೆಯೇ ಬರೆದಿದ್ದೆ, ಸರ್ ಒದ್ದರು ಎಂದೂ ಬರೆದಿದ್ದೆ. ನೀವು ಅದನ್ನೆಲ್ಲ ಓದಿದ್ದಿರಿ. ಆ ನಾಲ್ಕು ಸಾಲುಗಳಲ್ಲಿ ಒಬ್ಬಳ ಅನ್ನ ಹೋಗುತ್ತಿದೆ ಎಂದು ನಿಮಗೆ ಕಾಣಲಿಲ್ಲ, ‘ದ’ ಇದ್ದ ಜಾಗ ಕಂಡಿತು.

ಭಾನುವಾರ ಕ್ಲಬ್ ಹೌಸಿನಲ್ಲಿ ಮೀಟಿಂಗ್ ಕರೆದಿದ್ದರು. ನಮ್ಮ ಸೂಪರ್‌ವೈಸರ್ ಮುನೀಂದ್ರ ಒಳ್ಳೆಯವರೇ. ಬಾಗಿಲ ಬಳಿ ಕೈ ಹಿಡಿದು, “ಸುಮ್ನೆ ಬರ್ದು ಕೊಟ್ಬಿಡು ಸವಿತಾ. ನಾಯಿ ವಿಷ್ಯಕ್ಕೆ ಯಾಕೆ ಹೊಟ್ಟೆ ಮೇಲೆ ಹೊಡ್ಕೋತೀಯ?” ಎಂದರು. ಚನ್ನಕ್ಕ ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿದ್ದಳು. ವಿಶ್ವನಾಥ್ ಎಲ್ಲರ ಎದುರಿಗೆ, “ನಾಕು ಲೈನ್ ನೋಡ್ಕೊಂಡು ಬರಿಯೋಕೂ ಬರಲ್ವೇನಮ್ಮ ನಿಂಗೆ?” ಎಂದು ಕೇಳಿದರು. ಕೆಲವರು ನಕ್ಕರು.

ನಾನು ಹೇಳಿದೆ: “ಬರಿಯಾಕ ಬರ್ತೈತ್ರಿ. ನಾಯಿ ಕಚ್ಚಿಲ್ಲ, ನೀವು ಒದ್ರಿ. ನಾ ನೋಡೀನಿ.”

ಅಷ್ಟೇ ಹೇಳಿದ್ದು. ಆಮೇಲೆ ಅಲ್ಲೇ ಮೇಜಿನ ಮೇಲಿದ್ದ ರಿಜಿಸ್ಟರ್ ತೆಗೆದು, ನನ್ನ ಹಳೆಯ ಸಾಲಿನ ಕೆಳಗೆ ಬರೆದೆ: ‘ಮಿಸ್ಟರ್ ವಿಶ್ವನಾಥ್ ಕಿಕ್ಡ್ ದ ಡಾಗ್. ದ ಡಾಗ್ ಡಿಡ್ ನಾಟ್ ಬೈಟ್ ಹಿಮ್.’ ತಾರೀಖು ಹಾಕಿ ಸಹಿ ಮಾಡಿದೆ. ಮಾಡಿದವನು ಮೊದಲು. ಇದನ್ನು ಕಲಿಸಿದ್ದಕ್ಕೆ ನಿಮಗೆ ಋಣಿ, ಅದರಲ್ಲಿ ಕೊಂಕಿಲ್ಲ.

ಮರುದಿನ ಸೆಕ್ಯುರಿಟಿ ಏಜೆನ್ಸಿಯವರು ನನ್ನನ್ನು ಪೀಣ್ಯದ ಒಂದು ಫ್ಯಾಕ್ಟರಿ ಗೇಟಿಗೆ ಹಾಕಿದರು. ಚನ್ನಕ್ಕನನ್ನು ನನ್ನ ಕಾಗದ ಇಲ್ಲದೆಯೇ ತೆಗೆದರು. ನಾಯಿಗೆ ಸೂಜಿ ಹಾಕಿ, ಕಿವಿ ಕತ್ತರಿಸಿ ಗುರುತು ಮಾಡಿ, ಹತ್ತು ದಿನದ ಹಿಂದೆಯೇ ತಂದು ಅದೇ ಗೇಟಿನಲ್ಲಿ ಬಿಟ್ಟಿದ್ದರು. ಹಿಡಿದ ಜಾಗದಲ್ಲೇ ಬಿಡಬೇಕೆಂದು ಕಾನೂನಿದೆಯಂತೆ. ಚನ್ನಕ್ಕನನ್ನು ತಂದು ಬಿಡುವ ಕಾನೂನು ಇಲ್ಲ.

ಇನ್ನೊಂದು ಮಾತಿದೆ. ನಿಮ್ಮ ಮೊದಲ ಕಾಗದದಲ್ಲಿದ್ದ ಪೆದ್ದಿ ನಾನೇ. ಅವತ್ತು ನಾನು ನಗಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಹುಡುಗರು ಬೊಗಳಿದರು. ಇನ್ನು ಶಾಲೆಗೆ ಹೋಗುವುದಿಲ್ಲ ಎಂದಾಗ ಅಪ್ಪ ಕಾರಣ ಕೇಳಿದ. ಏನೆಂದು ಹೇಳಲಿ? ಆ ವಾಕ್ಯವನ್ನು ಅವನ ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಓದು ತಲೆಗೆ ಹತ್ತುತ್ತಿಲ್ಲ ಎಂದೆ. ಅವನು ಸಾಯುವವರೆಗೂ ಹಾಗೆಯೇ ನಂಬಿದ್ದ.

ಸವಿತಾ


ಹೂವಿನಹಡಗಲಿ
೨೦ ಸೆಪ್ಟೆಂಬರ್ ೨೦೨೪

ಸವಿತಾ,

ನಿನ್ನ ಕಾಗದಕ್ಕೆ ಕೂಡಲೇ ಉತ್ತರಿಸಬೇಕಿತ್ತು. ಮೂರು ಸಲ ಬರೆದೆ, ಮೂರು ಸಲವೂ ನನ್ನನ್ನು ಸಮರ್ಥಿಸಿಕೊಂಡೇ ಬರೆದೆ. ಹರಿದುಹಾಕಿದೆ.

ಆ ಹುಡುಗಿಯ ಮುಖ ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅವಳು ಆಮೇಲೆ ತರಗತಿಗೆ ಬಂದಳೇ ಇಲ್ಲವೇ ಎಂಬುದೂ ತಿಳಿಯದು. ಇಪ್ಪತ್ತು ವರ್ಷದಿಂದ ವಾಕ್ಯ ಮಾತ್ರ ನೆನಪಿದೆ. ಇದಕ್ಕಿಂತ ಹೆಚ್ಚಿಗೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ, ಅಭ್ಯಾಸವಿಲ್ಲದ್ದನ್ನು ಮಾಡಿದರೆ ತಪ್ಪಾಗುತ್ತದೆ.

ನನಗೆ ಬರುವುದು ಒಂದೇ, ಅದನ್ನು ಮಾಡಿದ್ದೇನೆ. ಸಿದ್ದಕ್ಕನನ್ನು ಕೇಳಿ ಆ ಅಪಾರ್ಟ್‌ಮೆಂಟಿನ ವಿಳಾಸ ತೆಗೆದುಕೊಂಡು ಕಮಿಟಿಗೆ ನಾಲ್ಕು ಪುಟದ ಕಾಗದ ಬರೆದು, ಹೋದ ವಾರ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಚನ್ನಕ್ಕನಿಗಾದ ಅನ್ಯಾಯ, ನಿನ್ನ ಪ್ರಾಮಾಣಿಕತೆ, ಆ ವಿಶ್ವನಾಥನ ಸುಳ್ಳು, ಎಲ್ಲವನ್ನೂ ಕ್ರಮವಾಗಿ ಇಟ್ಟಿದ್ದೇನೆ. ಐದು ದಿನ ಹಿಡಿಯಿತು. ಎರಡು ಹೊತ್ತಿನ ಟ್ಯೂಷನ್ ಬಿಟ್ಟೆ. ಆ ಕಂಪ್ಯೂಟರ್ ಮಂದಿಯ ಇಂಗ್ಲಿಷ್ ನನಗೆ ಗೊತ್ತಿದೆ, ಅರ್ಧ ಮಾತು, ಅರ್ಧ ಚಿತ್ರ. ಇಂಥ ಭಾಷೆಯನ್ನು ಅವರು ಕಂಡಿರಲಾರರು. ಓದಿದ ಮೇಲೆ ತಲೆ ಎತ್ತಲಾರರು.

ಅವರು ಏನೆಂದರು ಎಂದು ತಿಳಿದರೆ ಬರೆ. ಕಾಯುತ್ತಿರುತ್ತೇನೆ.

ಕರಿಬಸಪ್ಪ


ಪೀಣ್ಯ
೧೪ ಅಕ್ಟೋಬರ್ ೨೦೨೪
[ಅಂಚೆಗೆ ಹಾಕಲಿಲ್ಲ]

ಸರ್,

ಅವರು ಏನೆಂದರು ಎಂದು ಕೇಳಿದ್ದಿರಿ. ಹೇಳುತ್ತೇನೆ.

ನಿಮ್ಮ ನಾಲ್ಕೂ ಪುಟಗಳ ಫೋಟೋ ಗುಂಪಿಗೆ ಬಂದಿದೆ. ಮುನೀಂದ್ರ ಇಲ್ಲಿಗೆ ಬಂದಾಗ ತಮ್ಮ ಫೋನಿನಲ್ಲಿ ತೋರಿಸಿದರು. ‘ಐ ಬೆಗ್ ಟು ಸ್ಟೇಟ್’ ಎಂಬಲ್ಲಿ ಯಾರೋ ಕೆಂಪು ಸುತ್ತು ಹಾಕಿದ್ದಾರೆ. ‘ಯುವರ್ ಗುಡ್ ಸೆಲ್ವ್ಸ್’ ಎಂಬಲ್ಲಿ ಇನ್ನೊಂದು. ಇದು ಯಾವ ಕಾಲದ ಇಂಗ್ಲಿಷು, ಬ್ರಿಟಿಷರು ಈ ಮುದುಕಪ್ಪನನ್ನು ಮರೆತು ಹೋದರೇ ಎಂದು ಒಬ್ಬರು ಕೇಳಿದ್ದಾರೆ. ಅದರ ಕೆಳಗೆ ಕಣ್ಣೀರು ಬರುವಂತೆ ನಗುವ ಮುಖಗಳು, ನಾನು ನಲವತ್ತರವರೆಗೆ ಎಣಿಸಿದೆ. ವಿಶ್ವನಾಥ್ ಬಹಳ ದಿನದ ಮೇಲೆ ಹಗುರಾಗಿದ್ದರು. ಡಾಗ್ ಸರ್ ಆಯ್ತು, ಈಗ ಡಾಗ್ ಮಾಸ್ಟರ್ ಬಂದ್ರು ಎಂದು ಬರೆದವರು ಅವರೇ. ಈಗ ಅಲ್ಲಿ ನಿಮ್ಮ ಹೆಸರು ಅದೇ.

ನಾಲ್ಕು ಪುಟಗಳಲ್ಲಿ ನೀವು ಚನ್ನಕ್ಕನ ಹೆಸರನ್ನು ಆರು ಸಲ ಬರೆದಿದ್ದೀರಿ. ಚನ್ನಕ್ಕ ಯಾರು ಎಂದು ಒಬ್ಬರೂ ಕೇಳಿಲ್ಲ. ನಿಮಗಿಂತ ಹೆಚ್ಚು ಕಲಿತವರು ನಿಮ್ಮ ಹಾಗೆಯೇ ಓದಿದರು.

ಸುಳ್ಳು ಹೇಳುವುದಿಲ್ಲ, ನೋಡಿದಾಗ ಮೊದಲು ನನಗೂ ನಗು ಬಂತು. ಇಪ್ಪತ್ತು ವರ್ಷ ಕಾದು ಕೂತಿದ್ದ ನಗು. ನಿಮ್ಮನ್ನು ಎಲ್ಲರ ಎದುರು ನಿಲ್ಲಿಸಿ ಇದನ್ನೆಲ್ಲ ಗಟ್ಟಿಯಾಗಿ ಓದಬೇಕು, ಕಿವಿ ಕೇಳದಿದ್ದರೆ ಹತ್ತಿರ ಬಂದು ಓದಬೇಕು ಎನಿಸಿತು. ಆಮೇಲೆ ಮುನೀಂದ್ರರ ಫೋನು ಹಿಡಿದು ಎರಡನೆಯ ಪುಟವನ್ನು ದೊಡ್ಡದು ಮಾಡಿ ಓದಿದೆ. ಅಕ್ಷರಗಳು ಮುತ್ತಿನ ಹಾಗೆ ಶುರುವಾಗಿ ಪುಟದ ಕೊನೆಗೆ ನಡುಗುತ್ತವೆ. ಒಂದೇ ಸಲಕ್ಕೆ ಕೂತು ಬರೆದದ್ದಲ್ಲ ಎಂದು ಕಾಣುತ್ತದೆ.


ಪೀಣ್ಯ
೧೬ ಅಕ್ಟೋಬರ್ ೨೦೨೪

ಗುರುಗಳಿಗೆ ನಮಸ್ಕಾರ.

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಲಾರಿಗಳ ನಂಬರು ಬರೆದುಕೊಂಡರೆ ಸಾಕು, ವಾಕ್ಯ ಬರೆಯುವ ಕೆಲಸವಿಲ್ಲ. ಚನ್ನಕ್ಕನಿಗೆ ಪಟ್ಟಂದೂರು ಅಗ್ರಹಾರದ ಒಂದು ಪೀಜಿಯಲ್ಲಿ ಅಡುಗೆ ಕೆಲಸ ಸಿಕ್ಕಿದೆ. ರೊಟ್ಟಿ ಬಡಿಯುತ್ತಾಳೆ. ಹೋದ ಭಾನುವಾರ ನೋಡಲು ಹೋಗಿದ್ದೆ. ನಿಮ್ಮ ಬಗ್ಗೆ ಹೇಳಿದಾಗ, “ಯಾರೋ ಏನೋ, ನನ್ನ ಹೆಸರು ಬರದಾರಲ್ಲವ್ವಾ” ಎಂದಳು.

ನೀವು ಕಮಿಟಿಗೆ ಬರೆದ ಕಾಗದ ತಲುಪಿದೆ. ಇನ್ನೂರ ನಲವತ್ತು ಮನೆಯವರೂ ಓದಿದರಂತೆ. ಅವರು ಏನೆಂದರು ಎಂದು ಕೇಳಿದ್ದಿರಿ.

ಏನೂ ಅನ್ನಲಿಲ್ಲ ಸರ್. ಓದಿ ಸುಮ್ಮನಾದರು.

ಸವಿತಾ